ಕೆಲಸ ಹೋದದ್ದನ್ನು ಅಪ್ಪನಿಗೆ ಹೇಗೆ ಹೇಳಲಿ?

ಪ್ರಶ್ನೆ: ನನಗೆ 31 ವರ್ಷ. ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದ ರೈತ ಕುಟುಂಬದವನು. ಬೆಂಗಳೂರಿನ ಕಂಪನಿಯೊಂದರ ಗ್ರಾಹಕ ಸೇವಾ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿದೆ. ಎರಡು ತಿಂಗಳ ಹಿಂದೆ ಎಚ್‌ಆರ್‌ನವರು ಕರೆದು, ‘ಪರ್ಫಾರ್ಮೆನ್ಸ್ ಸಾಲದು, ನೀವೇ ರಾಜೀನಾಮೆ ಕೊಟ್ಟರೆ ನಿಮಗೇ ಒಳ್ಳೆಯದು’ ಎಂದರು. ಅರ್ಧ ಗಂಟೆಯಲ್ಲಿ ಬರೆದುಕೊಟ್ಟು ಹೊರಗೆ ಬಂದೆ. ರೂಮು ಖಾಲಿ ಮಾಡಿ ಊರಿಗೆ ಬಂದವನು ಮನೆಯಲ್ಲಿ ‘ವರ್ಕ್ ಫ್ರಮ್ ಹೋಮ್’ ಎಂದು ಹೇಳಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ನನ್ನ ಹಳೇ ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಮಗನಿಗೆ ತೊಂದರೆ ಆಗಬಾರದೆಂದು ಅಮ್ಮ ಟಿವಿ ಸದ್ದು ಕಡಿಮೆ ಮಾಡುತ್ತಾಳೆ. ಅದನ್ನು ನೋಡಿದರೆ ಎದೆ ಹಿಂಡಿದಂತಾಗುತ್ತದೆ.

ಹೋದ ವರ್ಷ ಅಪ್ಪನ ಆಪರೇಷನ್‌ಗೆಂದು ಬಳ್ಳಾರಿಗೆ ಓಡಾಡಿ ಬಹಳ ರಜೆ ಹಾಕಿದ್ದೆ. ನಮ್ಮ ತಂಡ ನೋಡಿಕೊಳ್ಳುತ್ತಿದ್ದ ವಿದೇಶಿ ಗ್ರಾಹಕರು ಒಪ್ಪಂದ ಮುಗಿಸಿದರು. ಹನ್ನೊಂದು ಜನರಲ್ಲಿ ಏಳು ಜನ ಹೋದೆವು. ಹೊಸ ಸಾಫ್ಟ್‌ವೇರ್ ತರಬೇತಿಗೆ ಎರಡು ಸಲ ಕರೆದಾಗ ‘ಆಮೇಲೆ ಮಾಡುತ್ತೇನೆ’ ಎಂದು ತಪ್ಪಿಸಿಕೊಂಡಿದ್ದೂ ನಿಜ. ತಂಗಿಯ ಮದುವೆ ಮಾತುಕತೆ ನಡೆಯುತ್ತಿದೆ. ಮನೆಗೆ ಕೊಡುವ ಹಣವನ್ನು ಉಳಿತಾಯದಿಂದ ತೆಗೆದು ಕೊಡುತ್ತಿದ್ದೇನೆ, ಅದೂ ಮುಗಿಯುತ್ತ ಬಂತು. ರಾತ್ರಿ ನಿದ್ದೆ ಬರುವುದಿಲ್ಲ. ನನ್ನ ಯೋಗ್ಯತೆಯೇ ಇಷ್ಟಾ ಅನ್ನಿಸುತ್ತದೆ. ಅಪ್ಪನಿಗೆ ಹೇಗೆ ಹೇಳಲಿ?
– ಹೆಸರು ಬೇಡ, ದೇವಸಮುದ್ರ

ಉತ್ತರ: ನೀವು ಬರೆದಿರುವುದನ್ನು ಎರಡು ಸಲ ಓದಿದೆ. ಎರಡು ತಿಂಗಳಿಂದ ಒಬ್ಬರೇ ಹೊತ್ತಿರುವ ಭಾರ ಸಣ್ಣದಲ್ಲ. ಕೆಲಸ ಹೋದಾಗ ಹೋಗುವುದು ಸಂಬಳ ಮಾತ್ರವಲ್ಲ. ಬೆಳಿಗ್ಗೆ ಎದ್ದರೆ ಎಲ್ಲಿಗೆ ಹೋಗಬೇಕೆಂಬ ಗೊತ್ತು ಹೋಗುತ್ತದೆ. ಆರು ವರ್ಷ ಜೊತೆಗೆ ಊಟ ಮಾಡಿದ ಗೆಳೆಯರು ದೂರವಾಗುತ್ತಾರೆ. ಊರಲ್ಲಿ ‘ಬೆಂಗಳೂರು ಕಂಪನಿಯವನು’ ಎಂದು ಸಿಗುತ್ತಿದ್ದ ಜಾಗ ಅಲುಗಾಡುತ್ತದೆ. ಇಷ್ಟನ್ನು ಒಟ್ಟಿಗೆ ಕಳೆದುಕೊಂಡವರಿಗೆ ದುಃಖವಾಗಲೇಬೇಕು. ಅದನ್ನು ದುಃಖವೆಂದು ಒಪ್ಪಿಕೊಳ್ಳಲು ನೀವು ನಿಮಗೇ ಅವಕಾಶ ಕೊಟ್ಟಿಲ್ಲ. ಎಲ್ಲವನ್ನೂ ನಾಚಿಕೆಯ ಲೆಕ್ಕಕ್ಕೆ ಬರೆದುಕೊಂಡಿದ್ದೀರಿ.

ನೀವು ಸುಳ್ಳು ಹೇಳಿದ್ದು ಕೆಟ್ಟ ಉದ್ದೇಶದಿಂದಲ್ಲ. ಆಪರೇಷನ್ ಆದ ಅಪ್ಪನಿಗೆ ನೋವಾಗಬಾರದು, ತಂಗಿಯ ಮದುವೆಗೆ ಅಡ್ಡಿಯಾಗಬಾರದು ಎಂಬ ಕಾಳಜಿ ಅದರ ಹಿಂದಿದೆ. ಹಾಗಾಗಿ ನಿಮ್ಮನ್ನು ಬೈಯುವ ಮಾತು ಈ ಉತ್ತರದಲ್ಲಿಲ್ಲ. ಆದರೆ ಈ ನಟನೆ ಇನ್ನು ಮುಂದುವರಿಯಬಾರದು. ಯಾಕೆಂದು ಆಮೇಲೆ ಹೇಳುತ್ತೇನೆ. ಮೊದಲು, ರಾತ್ರಿ ನಿಮ್ಮನ್ನು ಎಬ್ಬಿಸುವ ಪ್ರಶ್ನೆಯನ್ನು ನೋಡೋಣ.

‘ನನ್ನ ಯೋಗ್ಯತೆಯೇ ಇಷ್ಟಾ’ ಎಂದು ಕೇಳಿದ್ದೀರಿ. ನೀವು ಮಳೆಯಾಶ್ರಿತ ಸೀಮೆಯವರು. ಚಳ್ಳಕೆರೆ, ಮೊಳಕಾಲ್ಮುರಿನ ಹೊಲಗಳಲ್ಲಿ ಶೇಂಗಾ ಕೈಕೊಟ್ಟ ವರ್ಷಗಳು ನಿಮಗೆ ಗೊತ್ತು. ಆಗ ಊರಿನಲ್ಲಿ ಯಾರೂ ‘ಇವನಿಗೆ ಯೋಗ್ಯತೆ ಇಲ್ಲ’ ಎಂದು ಶುರು ಮಾಡುವುದಿಲ್ಲ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಹೋಯಿತಾ, ಬೀಜ ಸರಿಯಿರಲಿಲ್ಲವಾ, ಕಳೆ ತೆಗೆಯುವುದು ತಡವಾಯಿತಾ ಎಂದು ಒಂದೊಂದಾಗಿ ಕೇಳುತ್ತಾರೆ. ಕಾರಣ ತಿಳಿದರೆ ಮುಂದಿನ ವರ್ಷ ಏನು ಮಾಡಬೇಕೆಂಬುದೂ ತಿಳಿಯುತ್ತದೆ. ನೌಕರಿ ಹೋಗುವುದಕ್ಕೂ ಇದೇ ಮೂರು ಬಗೆಯ ಕಾರಣಗಳಿವೆ. ನಾಚಿಕೆ ಮಾಡುವ ದೊಡ್ಡ ಅನ್ಯಾಯವೆಂದರೆ ಮೂರನ್ನೂ ಕಲಸಿ ‘ನಾನು’ ಎಂಬ ಒಂದೇ ಹೆಸರು ಕೊಡುವುದು. ಬಿಡಿಸಿ ನೋಡೋಣ.

ಮೊದಲನೆಯದು ಮಳೆ. ನೌಕರನ ಕೈಯಲ್ಲಿ ಇಲ್ಲವೇ ಇಲ್ಲದ ಕಾರಣಗಳು ಇವು. ಗ್ರಾಹಕರು ಒಪ್ಪಂದ ಮುಗಿಸುತ್ತಾರೆ, ಕಂಪನಿ ನಷ್ಟಕ್ಕೆ ಬೀಳುತ್ತದೆ, ಘಟಕವನ್ನೇ ಮುಚ್ಚುತ್ತಾರೆ, ಹತ್ತು ಜನರ ಕೆಲಸವನ್ನು ಯಂತ್ರ ಮಾಡತೊಡಗುತ್ತದೆ. ಬೆಂಗಳೂರಿನ ಬೈಜೂಸ್ ಕಂಪನಿ 2022ರ ಅಕ್ಟೋಬರ್‌ನಲ್ಲಿ ಸುಮಾರು 2,500 ಜನರನ್ನು ತೆಗೆಯುವುದಾಗಿ ಹೇಳಿತು. ಅಷ್ಟೂ ಜನ ಒಂದೇ ತಿಂಗಳಲ್ಲಿ ದಡ್ಡರಾದರೇ? 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಗಾರ್ಮೆಂಟ್ಸ್ ಘಟಕವೊಂದು ಸುಮಾರು 1,200 ಕಾರ್ಮಿಕರನ್ನು ಮನೆಗೆ ಕಳಿಸಿತು. ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಆರ್ಡರ್ ಇಲ್ಲ ಎಂದು ಆಡಳಿತ ಹೇಳಿತು, ಸಂಘ ಕಟ್ಟಿದ್ದಕ್ಕೆ ಈ ಶಿಕ್ಷೆ ಎಂದು ಕಾರ್ಮಿಕರು ಹೇಳಿದರು. ಯಾರ ಮಾತು ನಿಜವಾದರೂ, ಅವರಿಗೆ ಹೊಲಿಯಲು ಬರುತ್ತಿರಲಿಲ್ಲ ಎಂಬುದಂತೂ ಕಾರಣವಲ್ಲ. ವಾರಗಟ್ಟಲೆ ಅವರು ಹೋರಾಡಿದರು. 2021ರ ಆರಂಭದಲ್ಲಿ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ಒಪ್ಪಂದವಾಯಿತು.

ಅಷ್ಟು ದೂರ ಹೋಗುವುದೂ ಬೇಡ. ಎಣ್ಣೆ ಗಿರಣಿಗಳಿಂದ ಹೆಸರಾದ ನಿಮ್ಮ ಪಕ್ಕದ ಚಳ್ಳಕೆರೆಯಲ್ಲಿ ಶೇಂಗಾ ಬೆಳೆ ಕುಗ್ಗಿ, ಹೊರದೇಶದ ತಾಳೆ ಎಣ್ಣೆ ಅಗ್ಗಕ್ಕೆ ಬಂದ ಮೇಲೆ ಎಷ್ಟೋ ಗಿರಣಿಗಳು ಬಾಗಿಲು ಹಾಕಿದವು. ಅಲ್ಲಿನ ಹಮಾಲರು, ಗುಮಾಸ್ತರು ಯಾವ ತಪ್ಪು ಮಾಡಿದ್ದರು? ಮೊಳಕಾಲ್ಮುರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೂ ಮಗ್ಗ ಬಿಟ್ಟು ಬೇರೆ ಕೂಲಿಗೆ ಹೋದ ನೇಕಾರರು ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಕೈಯಲ್ಲಿ ಕಸುಬು ಇದ್ದೂ ಕೆಲಸ ಇಲ್ಲದಂತಾಗುವುದು ನಿಮ್ಮ ಸೀಮೆಗೆ ಹೊಸದಲ್ಲ.

ಎರಡನೆಯದು ಬೀಜ. ಅರ್ಧ ನಮ್ಮ ಕೈಯಲ್ಲಿ, ಅರ್ಧ ಕಂಪನಿಯ ಕೈಯಲ್ಲಿ ಇರುವ ಕಾರಣಗಳು. ಕೆಲಸ ಕೇಳುವ ಕೌಶಲ ಬೇರೆ, ನಮ್ಮಲ್ಲಿರುವುದು ಬೇರೆ. ಕೆಲಸದ ರೀತಿ ಬದಲಾದರೂ ನಾವು ಬದಲಾಗಿರುವುದಿಲ್ಲ, ಅಥವಾ ಬದಲಾಗಲು ಯಾರೂ ಸಮಯ ಕೊಟ್ಟಿರುವುದಿಲ್ಲ. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್ ತನ್ನ ಮೈಸೂರು ಕ್ಯಾಂಪಸ್‌ನಲ್ಲಿ 300ಕ್ಕೂ ಹೆಚ್ಚು ತರಬೇತಿ ನೌಕರರನ್ನು ಕಳಿಸಿತು. ಮೂರು ಅವಕಾಶ ಕೊಟ್ಟರೂ ಒಳಪರೀಕ್ಷೆ ಪಾಸಾಗಲಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ಅದೇ ವರ್ಷ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಹುದ್ದೆ ಕಡಿತದ ಮಾತಾಡಿದಾಗಲೂ, ಇರುವ ಕೌಶಲಕ್ಕೂ ಬೇಕಾದ ಕೌಶಲಕ್ಕೂ ಹೊಂದಿಕೆಯಾಗುತ್ತಿಲ್ಲ ಎಂಬ ವಿವರಣೆ ಬಂತು.

ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ ಹೋದ ಹುಡುಗ ಹುಡುಗಿಯರಲ್ಲಿ ಈ ಬಗೆಯದೇ ಇನ್ನೊಂದು ಕಾರಣವನ್ನು ಮತ್ತೆ ಮತ್ತೆ ಕಾಣುತ್ತೇವೆ. ಮೀಟಿಂಗಿನಲ್ಲಿ ಅರ್ಥವಾಗದ್ದನ್ನು ಕೇಳಲು ಸಂಕೋಚ. ಇಂಗ್ಲಿಷ್ ತಪ್ಪಾದೀತೆಂದು ಸುಮ್ಮನಿದ್ದು, ಕೊನೆಗೆ ಕೆಲಸವೇ ತಪ್ಪಾದಾಗ ಸಿಕ್ಕಿಬೀಳುವುದು. ಮಾಡಿದ ಒಳ್ಳೆಯ ಕೆಲಸವನ್ನೂ ಹೇಳಿಕೊಳ್ಳದೆ ಇರುವುದು. ಮನೆಯಲ್ಲಿ ಕಷ್ಟವಿದ್ದಾಗ ಮೇಲಿನವರಿಗೆ ವಿವರವಾಗಿ ತಿಳಿಸದೆ, ‘ರಜೆ ಬೇಕು’ ಎಂಬ ಒಂದು ಸಾಲಿನ ಮೆಸೇಜಿನಲ್ಲಿ ಮುಗಿಸಿಬಿಡುವುದು. ಇವು ಅಪರಾಧಗಳಲ್ಲ. ಕಲಿತರೆ ಸರಿಹೋಗುವ ಅಭ್ಯಾಸಗಳು.

ಮೂರನೆಯದು ಕಳೆ. ಪೂರ್ತಿ ನಮ್ಮ ಕೈಯಲ್ಲೇ ಇರುವ ಕಾರಣಗಳು. ದಿನವೂ ತಡವಾಗಿ ಹೋಗುವುದು, ಹೇಳದೆ ಗೈರಾಗುವುದು, ಸುಳ್ಳು ಬಿಲ್ಲು, ನಕಲಿ ಅನುಭವ ಪತ್ರ, ಕುಡಿದು ಬರುವುದು, ಸಹೋದ್ಯೋಗಿ ಹೆಣ್ಣುಮಕ್ಕಳೊಂದಿಗೆ ಕೆಟ್ಟ ನಡತೆ, ಕಂಪನಿಯ ಮಾಹಿತಿ ಹೊರಗೆ ಕೊಡುವುದು. ತಮ್ಮಲ್ಲಿದ್ದುಕೊಂಡೇ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರೆಂದು ವಿಪ್ರೊ 300 ಜನರನ್ನು ತೆಗೆದದ್ದು 2022ರ ಸೆಪ್ಟೆಂಬರ್‌ನಲ್ಲಿ ಸುದ್ದಿಯಾಯಿತು. ಇಂಥ ಕಾರಣಕ್ಕೆ ಕೆಲಸ ಕಳೆದುಕೊಂಡವರೂ ಇದನ್ನು ಓದುತ್ತಿರಬಹುದು. ಅವರಿಗೂ ಬಾಗಿಲು ಮುಚ್ಚಿಲ್ಲ. ತಪ್ಪನ್ನು ತಪ್ಪೆಂದು ಒಪ್ಪಿ, ಅದನ್ನು ಬಿಟ್ಟವರು ಮತ್ತೆ ಕೆಲಸ ಮಾಡಿ ಬದುಕು ಕಟ್ಟಿಕೊಳ್ಳಬಹುದು.

ಈಗ ನಿಮ್ಮ ಪತ್ರವನ್ನೇ ಈ ಲೆಕ್ಕಕ್ಕೆ ಹಾಕಿ ನೋಡಿ. ಹನ್ನೊಂದರಲ್ಲಿ ಏಳು ಜನ ಹೋದಿರಿ. ಗ್ರಾಹಕರು ಒಪ್ಪಂದ ಮುಗಿಸಿದ್ದು ಮಳೆಯ ಲೆಕ್ಕ, ನಷ್ಟದಲ್ಲಿ ದೊಡ್ಡ ಪಾಲು ಅದರದ್ದೇ. ಅಪ್ಪನ ಆರೈಕೆಗೆ ಹಾಕಿದ ರಜೆ ತಪ್ಪಲ್ಲ. ಮಗನಾಗಿ ಮಾಡಬೇಕಾದ್ದನ್ನು ಮಾಡಿದ್ದೀರಿ. ತರಬೇತಿ ತಪ್ಪಿಸಿಕೊಂಡದ್ದು ಮಾತ್ರ ನಿಮ್ಮ ಪಾಲು. ಇದನ್ನು ನಾನು ಮುಚ್ಚಿಟ್ಟರೆ ನಿಮಗೆ ಉಪಕಾರವಾಗುವುದಿಲ್ಲ. ಆದರೆ ಅದು ಒಂದು ಪಾಲು, ಇಡೀ ನೀವಲ್ಲ. ಆ ಪಾಲನ್ನು ಸರಿಪಡಿಸಲು ಎರಡು ಮೂರು ತಿಂಗಳ ಕಲಿಕೆ ಸಾಕಾಗಬಹುದು. ಯೋಗ್ಯತೆಯೇ ಇಲ್ಲ ಎಂದುಕೊಂಡವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಈ ಸಾಫ್ಟ್‌ವೇರ್ ಬರುವುದಿಲ್ಲ ಎಂದುಕೊಂಡವರಿಗೆ ನಾಳೆ ಬೆಳಿಗ್ಗೆಯೇ ಕೆಲಸವಿದೆ.

ಇನ್ನು ಮಾಡಬೇಕಾದ್ದು. ಒಂದೇ ದಿನ ಎಲ್ಲವೂ ಬೇಡ, ಆದರೆ ಈ ಕ್ರಮದಲ್ಲಿ ಮಾಡಿ.

ಮೊದಲು ಮನೆಯಲ್ಲಿ ಹೇಳಿ, ಈ ವಾರದಲ್ಲೇ. ತಂಗಿಯ ಮದುವೆ ಮಾತು ನಡೆಯುತ್ತಿರುವುದರಿಂದ ತಡ ಮಾಡುವ ಹಾಗಿಲ್ಲ. ನಿಮ್ಮ ಸಂಬಳವನ್ನು ನಂಬಿ ಅಪ್ಪ ಬೀಗರಿಗೆ ಒಂದು ಮಾತು ಕೊಟ್ಟುಬಿಟ್ಟರೆ, ನಿಮ್ಮ ಸುಳ್ಳು ಅವರ ಸುಳ್ಳೂ ಆಗುತ್ತದೆ. ಅದರ ಬೆಲೆ ತೆರುವವಳು ತಂಗಿ. ಮೊದಲು ಅವಳಿಗೋ ಅಮ್ಮನಿಗೋ ಹೇಳಿದರೆ ನಿಮಗೆ ಧೈರ್ಯ ಬರುತ್ತದೆ. ಆದರೆ ಅಪ್ಪನಿಗೆ ನೀವೇ ಹೇಳಬೇಕು, ಬೇರೆಯವರ ಬಾಯಿಂದ ಗೊತ್ತಾಗಬಾರದು. ಹೊಲದಲ್ಲಿ ನಾಲ್ಕು ಜನರ ಮುಂದೆ ಬೇಡ. ಊಟವಾದ ಮೇಲೆ ಮನೆಯವರಷ್ಟೇ ಇರುವಾಗ ಹೇಳಿ. ಮಾತು ಉದ್ದ ಬೇಕಿಲ್ಲ: ‘ಅಪ್ಪ, ಕಂಪನಿ ಕೆಲಸ ಹೋಗಿ ಎರಡು ತಿಂಗಳಾಯ್ತು. ನಾವು ನೋಡ್ತಿದ್ದ ಪ್ರಾಜೆಕ್ಟೇ ಮುಗೀತು, ಏಳು ಜನಾನ ಕಳಿಸಿದ್ರು. ನಿನಗೆ ನೋವಾಗುತ್ತೆ ಅಂತ ಹೇಳ್ಲಿಲ್ಲ, ಅದು ನನ್ನ ತಪ್ಪು. ಮುಂದೆ ಏನು ಮಾಡ್ಬೇಕು ಅಂತ ಯೋಚನೆ ಮಾಡಿದ್ದೀನಿ, ಕೂತು ಮಾತಾಡೋಣ.’

ಒಂದು ಎಚ್ಚರಿಕೆ. ‘ನನ್ನ ಆಪರೇಷನ್‌ನಿಂದ ಹೀಗಾಯ್ತಾ’ ಎಂದು ಅಪ್ಪ ಕೇಳಬಹುದು. ಇಲ್ಲ ಎಂದೇ ಹೇಳಿ, ಅದು ನಿಜವೂ ಹೌದು. ಅಪ್ಪ ಸಿಟ್ಟಾಗಬಹುದು, ಎರಡು ದಿನ ಮಾತು ಬಿಡಬಹುದು. ಕೆಲಸ ಹೋದದ್ದಕ್ಕಿಂತ, ತನಗೆ ಹೇಳಲಿಲ್ಲ ಎಂಬ ನೋವು ಅದರಲ್ಲಿ ಹೆಚ್ಚಿರುತ್ತದೆ. ಸಮರ್ಥಿಸಿಕೊಳ್ಳಲು ಹೋಗಬೇಡಿ, ಕಾಯಿರಿ. ಬೆಳೆ ಹೋದ ವರ್ಷವನ್ನು ಮತ್ತೆ ಮತ್ತೆ ದಾಟಿ ಬಂದ ರೈತ ಅವರು. ಈ ಲೆಕ್ಕ ನನಗಿಂತ ಅವರಿಗೇ ಚೆನ್ನಾಗಿ ಅರ್ಥವಾಗುತ್ತದೆ. ಊರಿನವರಿಗೆ ಇಷ್ಟು ವಿವರ ಬೇಕಾಗಿಲ್ಲ. ಯಾವಾಗ ವಾಪಸ್ಸು ಎಂದು ಕೇಳಿದರೆ, ‘ಆ ಕೆಲಸ ಬಿಟ್ಟಾಯ್ತು, ಬೇರೆ ನೋಡ್ತಾ ಇದ್ದೀನಿ’ ಎಂದರೆ ಸಾಕು.

ಎರಡನೆಯದಾಗಿ, ನಿಮಗೆ ಬರಬೇಕಾದ್ದನ್ನು ಕೇಳಿ ಪಡೆಯಿರಿ. ನಾಚಿಕೆಯಲ್ಲಿ ಅನೇಕರು ಇದನ್ನೇ ಬಿಟ್ಟುಬಿಡುತ್ತಾರೆ. ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಸಂಬಳದ ಲೆಕ್ಕ, ಉಳಿದ ರಜೆಯ ಹಣ, ಫಾರ್ಮ್ 16 ಬಂದಿವೆಯೇ ನೋಡಿ. ಐದು ವರ್ಷ ಪೂರೈಸಿದವರಿಗೆ, ರಾಜೀನಾಮೆ ಕೊಟ್ಟಿದ್ದರೂ, ಗ್ರಾಚ್ಯುಟಿ ಸಿಗಬೇಕು. ಕೊನೆಯ ಮೂಲ ವೇತನ, ತುಟ್ಟಿಭತ್ಯೆ ಸೇರಿಸಿ 15ರಿಂದ ಗುಣಿಸಿ, 26ರಿಂದ ಭಾಗಿಸಿ, ಬಂದದ್ದನ್ನು ದುಡಿದ ವರ್ಷಗಳಿಂದ ಗುಣಿಸಬೇಕು. ಮೂಲ ವೇತನ, ತುಟ್ಟಿಭತ್ಯೆ ಸೇರಿ 20,000 ರೂಪಾಯಿ ಇದ್ದರೆ ಆರು ವರ್ಷಕ್ಕೆ ಸುಮಾರು 69,000 ರೂಪಾಯಿ ಆಗುತ್ತದೆ. ಪಿಎಫ್ ಹಣವೂ ನಿಮ್ಮದೇ. ಆದರೆ ತೀರಾ ಬೇಕಾದಷ್ಟನ್ನೇ ತೆಗೆಯಿರಿ.

ಇಲ್ಲಿ ಬೇರೆ ಓದುಗರಿಗೂ ಒಂದು ಮಾತು. ರಾಜೀನಾಮೆ ಬರೆದುಕೊಡಿ ಎಂದು ಒತ್ತಾಯಿಸಿದರೆ ಅಲ್ಲೇ ಸಹಿ ಹಾಕಬೇಡಿ. ‘ಯೋಚಿಸಲು ಸಮಯ ಕೊಡಿ, ಹೇಳುವುದನ್ನು ಬರವಣಿಗೆಯಲ್ಲಿ ಕೊಡಿ’ ಎಂದು ಕೇಳಿ. ಒಂದು ವರ್ಷವಾದರೂ ನಿರಂತರವಾಗಿ ದುಡಿದ ಕಾರ್ಮಿಕರನ್ನು ಹೆಚ್ಚುವರಿಯೆಂದು ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ವೇತನ ಪರಿಹಾರ ಕೊಡಬೇಕೆಂದು ಕಾನೂನಿದೆ. ನಾನಾಗಿಯೇ ಬಿಟ್ಟೆ ಎಂದು ಬರೆದುಕೊಟ್ಟರೆ ಆ ಹಕ್ಕು ಸಡಿಲವಾಗುತ್ತದೆ. ಇಎಸ್‌ಐ ಇರುವವರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಈಗ ಜಾರಿಯಲ್ಲಿದೆಯೇ ಎಂದು ಶಾಖಾ ಕಚೇರಿಯಲ್ಲಿ ವಿಚಾರಿಸಿ. ತಮ್ಮ ತಪ್ಪಿಲ್ಲದೆ ಕೆಲಸ ಹೋದವರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟನ್ನು 90 ದಿನದವರೆಗೆ, ಜೀವಮಾನದಲ್ಲಿ ಒಂದು ಸಲ ಕೊಡುವ ಯೋಜನೆ ಅದು. 2025ರ ನವೆಂಬರ್ 21ರಿಂದ ದೇಶದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಿಮ್ಮ ಹುದ್ದೆಗೆ ಏನು ಅನ್ವಯಿಸುತ್ತದೆ, ಒತ್ತಾಯದ ರಾಜೀನಾಮೆಯನ್ನು ಪ್ರಶ್ನಿಸಬಹುದೇ ಎಂಬುದನ್ನು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಕಾನೂನು ನೆರವಿನ ಸಹಾಯವಾಣಿ 15100. ದೂರು ಕೊಡಲು ಕಾಲಮಿತಿ ಇರುತ್ತದೆ, ಹಾಗಾಗಿ ತಡ ಮಾಡಬೇಡಿ.

ಮೂರನೆಯದಾಗಿ, ಖರ್ಚಿನ ಲೆಕ್ಕವನ್ನು ಮನೆಯವರ ಮುಂದೆ ಬರೆಯಿರಿ. ಎಷ್ಟು ಉಳಿದಿದೆ, ಯಾವ ಕಂತು ಬಾಕಿ, ಮದುವೆಗೆ ಎಷ್ಟು ಬೇಕು. ಸಾಲವಿದ್ದರೆ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಪರಿಸ್ಥಿತಿ ತಿಳಿಸಿ. ಮೊಬೈಲಿನ ಸಾಲದ ಆ್ಯಪ್‌ಗಳ ಹತ್ತಿರ ಸುಳಿಯಬೇಡಿ. ಕೆಲಸ ಕೊಡಿಸುತ್ತೇವೆ, ಮೊದಲು ಠೇವಣಿ ಕಟ್ಟಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆನ್‌ಲೈನ್‌ನಲ್ಲಿ ಮೋಸ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಾಲ್ಕನೆಯದಾಗಿ, ಆ ಒಂಬತ್ತು ಗಂಟೆಯ ಲ್ಯಾಪ್‌ಟಾಪನ್ನು ಮುಚ್ಚಬೇಡಿ, ಅದನ್ನು ನಿಜದ ಕೆಲಸಕ್ಕೆ ಬಳಸಿ. ಬೆಳಿಗ್ಗೆ ಎರಡು ಗಂಟೆ, ಬಿಟ್ಟುಬಿಟ್ಟ ಆ ಸಾಫ್ಟ್‌ವೇರ್ ಕಲಿಯಿರಿ. ಆಮೇಲೆ ಒಂದು ಗಂಟೆ ಅರ್ಜಿ ಹಾಕಿ, ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಿ. ಜೊತೆಗೆ ಹೋದ ಆರು ಜನರನ್ನೂ ಸೇರಿಸಿಕೊಳ್ಳಿ. ಅವರೂ ನಿಮ್ಮ ಹಾಗೆಯೇ ಎಲ್ಲೋ ಕೂತಿರುತ್ತಾರೆ. ಸಂದರ್ಶನದಲ್ಲಿ ಯಾಕೆ ಬಿಟ್ಟಿರಿ ಎಂದು ಕೇಳಿದರೆ ಮೂರು ಸಾಲು ಸಾಕು: ಗ್ರಾಹಕರ ಒಪ್ಪಂದ ಮುಗಿಯಿತು, ತಂಡ ಚಿಕ್ಕದಾಯಿತು, ಆ ನಂತರ ನಾನು ಇದನ್ನು ಕಲಿತಿದ್ದೇನೆ. ಹಳೆಯ ಕಂಪನಿಯನ್ನು ಬೈಯಬೇಡಿ. ಸೇರಿದ, ಬಿಟ್ಟ ದಿನಾಂಕಗಳನ್ನು ತಿದ್ದಬೇಡಿ. ಪಿಎಫ್‌ನ ಯುಎಎನ್ ಖಾತೆಯಲ್ಲಿ ಅವು ದಾಖಲಾಗಿರುತ್ತವೆ, ಪರಿಶೀಲಿಸುವವರಿಗೆ ಗೊತ್ತಾಗಿಬಿಡುತ್ತದೆ. ಬೆಂಗಳೂರು ಒಂದನ್ನೇ ನೆಚ್ಚಬೇಡಿ, ಬಳ್ಳಾರಿಯಲ್ಲೂ ಕೇಳಿ ನೋಡಿ. ಮೊದಲು ಸಿಕ್ಕಿದ್ದು ಹಳೆಯ ಸಂಬಳಕ್ಕಿಂತ ಕಡಿಮೆಯಿದ್ದರೆ ಅದು ಸೋಲಲ್ಲ, ಈ ವರ್ಷದ ಏರ್ಪಾಡು ಅಷ್ಟೇ. ಮಧ್ಯಾಹ್ನದ ಮೇಲೆ ಮನೆಗೆಲಸಕ್ಕೋ ಹೊಲಕ್ಕೋ ಕೈ ಹಚ್ಚಿ. ಮೈ ದಣಿದರೆ ನಿದ್ದೆಗೂ ಒಳ್ಳೆಯದು.

ನಿದ್ದೆಯ ವಿಷಯ ಹಗುರವಾಗಿ ಬಿಡುವಂಥದಲ್ಲ. ಮನೆಯಲ್ಲಿ ಹೇಳಿಕೊಂಡ ಮೇಲೂ ಎರಡು ವಾರ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಮೊಳಕಾಲ್ಮುರಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಇದೆ, ನಿಮಗೆ ಪರಿಚಯವಿರುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಇದೆ. ‘ನಾನಿದ್ದು ಏನು ಪ್ರಯೋಜನ’ ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಆ ಕ್ಷಣವೇ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ, ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇದನ್ನು ಓದುತ್ತಿರುವ ತಂದೆ ತಾಯಂದಿರಿಗೂ ಒಂದು ಕೋರಿಕೆ. ಹಬ್ಬವಿಲ್ಲ, ಜಾತ್ರೆಯಿಲ್ಲ, ಮಗನೋ ಮಗಳೋ ಬೆಂಗಳೂರಿನಿಂದ ಬಂದು ತಿಂಗಳುಗಟ್ಟಲೆ ಮನೆಯಲ್ಲಿದ್ದರೆ, ‘ಯಾವಾಗ ಹೋಗ್ತೀಯ’ ಎಂದು ದಿನವೂ ಕೇಳಬೇಡಿ. ‘ಕೆಲಸದಲ್ಲಿ ಏನಾದರೂ ತೊಂದರೆ ಆಗಿದ್ರೆ ಹೇಳು, ಒಟ್ಟಿಗೆ ನೋಡೋಣ’ ಎಂದು ಒಂದು ಸಲ ಹೇಳಿ ನೋಡಿ. ಹೇಳಿಕೊಳ್ಳಲು ಅವರಿಗೆ ಅಷ್ಟೇ ಬೇಕಾಗಿರಬಹುದು.

ನಿಮ್ಮ ಮನೆಯಲ್ಲಿ ಆ ಮಾತು ಅಪ್ಪನಿಂದ ಬರಲೆಂದು ಕಾಯಬೇಡಿ. ಅವರಿಗೆ ವಿಷಯವೇ ಗೊತ್ತಿಲ್ಲ. ಎರಡು ತಿಂಗಳು ಮನೆಗೆ ಹಣ ಕೊಡುತ್ತ ಮನೆಯವರನ್ನು ಕಾಪಾಡಲು ನೋಡಿದಿರಿ. ಈಗ ಅವರೂ ನಿಮ್ಮನ್ನು ಕಾಪಾಡಲು ಅವಕಾಶ ಕೊಡಿ. ಹೇಳಿದ ಮೇಲೆ ಏನಾಯಿತೆಂದು ಮತ್ತೆ ಬರೆಯಿರಿ.